ಕಾಲಿದ್ದವರೆಲ್ಲ ಹಂಪಿಗೆ

‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಎಂಬ ಮಾತು ನಮ್ಮ ಕಡೆ ಹಳೆಯದು. ಕನಕಗಿರಿಯ ಕೆತ್ತನೆಗೆ ಕಣ್ಣಿದ್ದರೆ ಸಾಕು, ಹಂಪಿಗೆ ನಡೆಯುವ ಕಸುವು ಬೇಕು. ಬಂಡೆ, ಗುಡ್ಡ, ಬಾಳೆತೋಟ, ಹೊಳೆದಂಡೆ ಎಂದು ಸುತ್ತುತ್ತ ಹೋದರೆ ಎರಡು ದಿನವೂ ಸಾಲದು.

ಈ ಗಾದೆ ಕಟ್ಟಿದವರಿಗೆ ಹುಬ್ಬಳ್ಳಿ-ಧಾರವಾಡದ ರವಿವಾರ ಗೊತ್ತಿರಲಿಲ್ಲ. ನಸುಕಿನಲ್ಲಿ ಚಪಾತಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಕಾರು ಹತ್ತಿದರೆ ಗದಗ, ಕೊಪ್ಪಳ ದಾಟಿ ಮೂರು ತಾಸಿಗೆಲ್ಲ ಹೊಸಪೇಟೆ ಬಂತು. ಸಂಜೆ ತಿರುಗಿ ಹೊರಟರೆ ರಾತ್ರಿ ಊಟಕ್ಕೆ ಮನೆ. ಮರುದಿನ ಓಣಿಯಲ್ಲಿ ಯಾರಾದರೂ ‘ಎಲ್ಲಾ ನೋಡಿದ್ರೇನ್ರಿ?’ ಎಂದರೆ ಉತ್ತರ ತಯಾರಿರುತ್ತದೆ: ‘ಕಲ್ಲಿನ ರಥ ಆತು, ವಿರೂಪಾಕ್ಷ ಆತು, ಬಿಸಲು ಭಾಳ ಇತ್ತು, ಬಂದ್ಬಿಟ್ವಿ.’

ಹೀಗೆ ಬೆಳಗ್ಗೆ ಬಂದು ಸಂಜೆ ಹೋಗುವವರನ್ನೇ ಗುರಿಯಾಗಿಟ್ಟು ಇಟಲಿಯ ವೆನಿಸ್ ನಗರ 2024ರ ಏಪ್ರಿಲ್ 25ರಿಂದ ಜನಜಂಗುಳಿಯ ದಿನಗಳಲ್ಲಿ ಐದು ಯೂರೋ ಪ್ರವೇಶ ಶುಲ್ಕ ವಿಧಿಸಿತು. ಊರಲ್ಲಿ ರಾತ್ರಿ ತಂಗುವವರಿಗೆ ಅದು ಇಲ್ಲ. ಬುತ್ತಿ ತಂದು, ಫೋಟೊ ತೆಗೆಸಿಕೊಂಡು, ಕಸ ಬಿಟ್ಟು ಹೋಗುವವರಿಗಷ್ಟೇ. 1951ರಲ್ಲಿ ವೆನಿಸ್ಸಿನ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರ ಹೊತ್ತಿಗೆ ಅದು 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ಕೋಣೆಗಳಾದವು, ದಿನಸಿ ಅಂಗಡಿಯ ಜಾಗದಲ್ಲಿ ಮುಖವಾಡ ಮಾರುವ ಅಂಗಡಿ ಬಂತು, ಬಾಡಿಗೆ ಕಟ್ಟಲಾಗದ ಊರಿನವರು ಹೊರಬಿದ್ದರು. ಬಾರ್ಸಿಲೋನಾದಲ್ಲಂತೂ 2024ರ ಜುಲೈನಲ್ಲಿ ಬೀದಿಗಿಳಿದ ಸ್ಥಳೀಯರು ಹೋಟೆಲ್ ಮುಂದೆ ಕೂತ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು.

ಓದಿ ನಕ್ಕು ಪುಟ ತಿರುವುವ ಮೊದಲು ನಮ್ಮ ಪಕ್ಕದ ಹಂಪಿಯನ್ನು ನೆನೆಯಬೇಕು. ಅಲ್ಲೂ ಊರಿನವರು ಹೊರಗೆ ಹೋದರು. ಹೋದ ದಾರಿ ಮಾತ್ರ ಬೇರೆ.

ಹಂಪಿಯನ್ನು ‘ನೋಡುವ’ ಊರಾಗಿ ಮಾಡಿದ್ದರಲ್ಲಿ ಧಾರವಾಡದ ಪಾಲು ದೊಡ್ಡದು. ವಿಜಯನಗರದ ಈ ರಾಜಧಾನಿ ಹಾಳಾದ 1565ರ ಯುದ್ಧದ ನಂತರ ಜನರ ಬಾಯಲ್ಲಿ ಅದು ‘ಹಾಳು ಹಂಪಿ’. ವಿರೂಪಾಕ್ಷನಿಗೆ ನಡೆದುಕೊಳ್ಳುವ ಭಕ್ತರು ಜಾತ್ರೆಗೆ ಬರುತ್ತಿದ್ದರು, ಉಳಿದದ್ದು ಕುರಿ ಮೇಯುವ ಬಯಲು. ಧಾರವಾಡದ ಆಲೂರು ವೆಂಕಟರಾಯರು 1905ರಲ್ಲಿ ಆನೆಗೊಂದಿಯ ನವವೃಂದಾವನದ ದರ್ಶನಕ್ಕೆ ಬಂದವರು ಹೊಳೆಯ ಈಚೆಯ ಅವಶೇಷಗಳನ್ನೂ ಕಂಡರು. ಆ ನೋಟ ಅವರನ್ನು ಬಿಡಲಿಲ್ಲ. 1917ರ ‘ಕರ್ನಾಟಕ ಗತವೈಭವ’ ಪುಸ್ತಕಕ್ಕೂ, ಏಕೀಕರಣದ ಹಂಬಲಕ್ಕೂ ಅಲ್ಲಿ ಬೀಜ ಬಿತ್ತು. ವಿಜಯನಗರಕ್ಕೆ ಆರುನೂರು ವರ್ಷ ತುಂಬಿದ 1936ರಲ್ಲಿ ಸ್ಮರಣ ಸಂಪುಟ ಪ್ರಕಟವಾದದ್ದೂ ಧಾರವಾಡದಿಂದಲೇ. ಕಲ್ಲು ನೋಡಿ ಕಣ್ಣೀರು ಹಾಕುವುದನ್ನು ಕನ್ನಡಿಗರಿಗೆ ಕಲಿಸಿದ್ದು ನಮ್ಮೂರು ಎಂದರೂ ನಡೆದೀತು.

ಹುಬ್ಬಳ್ಳಿಯ ಪಾಲು ಹಳಿಗಳದ್ದು. ಗೋವಾದ ಕಡಲಿನಿಂದ ಹಂಪಿಯ ಬಂಡೆಗಳಿಗೆ ಹೋಗುವ ರೈಲು ಹುಬ್ಬಳ್ಳಿಯನ್ನು ಹಾಯ್ದೇ ಹೋಗಬೇಕು. ಬೆನ್ನಿಗೆ ಆಳೆತ್ತರದ ಚೀಲ, ಕಾಲಿಗೆ ಸವೆದ ಚಪ್ಪಲಿ, ಕೈಯಲ್ಲಿ ಚಹಾ ಹಿಡಿದು ಪ್ಲಾಟ್‌ಫಾರ್ಮಿನ ನೆಲದ ಮೇಲೆ ಕೂತ ವಿದೇಶಿಗರನ್ನು ನೋಡುತ್ತಲೇ ಇಲ್ಲಿನ ಒಂದು ತಲೆಮಾರು ಬೆಳೆಯಿತು. ಅವರು ಒಂದು ದಿನಕ್ಕೆ ಬಂದವರಲ್ಲ. ಹೊಳೆಯಾಚೆಯ ವಿರುಪಾಪುರ ಗಡ್ಡೆಯ ಗುಡಿಸಲುಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವವರು.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗೌರವದ ಜತೆಗೆ ಕಣ್ಗಾವಲೂ ಬಂತು. ತುಂಗಭದ್ರೆಗೆ ಅಡ್ಡಲಾಗಿ ಆನೆಗೊಂದಿಯ ಬಳಿ ಕಟ್ಟತೊಡಗಿದ ಸೇತುವೆಯಿಂದ ಪ್ರಾಚೀನ ಪರಿಸರ ಕೆಡುತ್ತದೆ ಎಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಹಾಕಿತು. ವೆನಿಸ್ಸನ್ನೂ ಹೀಗೆ ಪಟ್ಟಿಗೆ ಸೇರಿಸಬೇಕೆಂದು 2023ರಲ್ಲಿ ಶಿಫಾರಸು ಬಂದಿತ್ತು. ಆದರೆ ಆ ಊರು ಪಾರಾಯಿತು. ಹಂಪಿ ಏಳು ವರ್ಷ ಆ ಹಣೆಪಟ್ಟಿ ಹೊತ್ತು, 2006ರಲ್ಲಿ ಹೊರಬಂತು. ಇಷ್ಟೆಲ್ಲ ಜಗಳಕ್ಕೆ ಕಾರಣವಾದ ಸೇತುವೆ 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಕೆಲಸಗಾರರ ಸಮೇತ ಹೊಳೆಗೆ ಬಿತ್ತು.

ಅಷ್ಟರಲ್ಲಿ ಅಧಿಕಾರಿಗಳ ಕಣ್ಣು ಹಂಪಿ ಬಜಾರದ ಮೇಲೆ ಬಿದ್ದಿತ್ತು. ವಿರೂಪಾಕ್ಷ ಗುಡಿಯ ಎದುರಿನ ಅಗಲವಾದ ರಥಬೀದಿ, ಅದರ ಇಕ್ಕೆಲದ ಸಾಲುಮಂಟಪಗಳು ವಿಜಯನಗರದ ಕಾಲದಲ್ಲಿ ಅಂಗಡಿ ಸಾಲುಗಳೇ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಈ ನಗರವನ್ನು ರೋಮ್‌ನಷ್ಟು ದೊಡ್ಡದೆಂದು ಬಣ್ಣಿಸಿದ, ಸಂತೆ-ಪೇಟೆಗಳ ಬಗ್ಗೆ ಬೆರಗಾಗಿ ಬರೆದ. ನಮ್ಮ ಕಾಲದಲ್ಲಿ ಆ ಕಲ್ಲುಕಂಬಗಳ ನಡುವೆ ಗೋಡೆ ಎಬ್ಬಿಸಿ ಜನ ಸಂಸಾರ ಹೂಡಿದ್ದರು. ಮುಂದೆ ತೆಂಗಿನಕಾಯಿ, ಕುಂಕುಮ, ಮಿರ್ಚಿ, ಪುಸ್ತಕ, ಲಂಬಾಣಿ ಕಸೂತಿ. ಹಿಂದೆ ಅಡುಗೆಮನೆ, ತೊಟ್ಟಿಲು. ಪುರಾತತ್ವದ ಲೆಕ್ಕದಲ್ಲಿ ಅದು ಒತ್ತುವರಿ. ಅಲ್ಲಿದ್ದವರ ಲೆಕ್ಕದಲ್ಲಿ ಅದು ಊರು.

2011ರ ಜುಲೈ 29ರಂದು ಬಜಾರಕ್ಕೆ ಜೆಸಿಬಿಗಳು ಬಂದವು. 300ಕ್ಕೂ ಹೆಚ್ಚು ಕುಟುಂಬಗಳ ನೆಲೆ ಹೋಯಿತು. ಸುಮಾರು ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರದ ಬಳಿ ಪುನರ್ವಸತಿಗೆ ಜಾಗ ತೋರಿಸಲಾಯಿತು. ಹೊಳೆಯಾಚೆಯ ಸರದಿ 2020ರಲ್ಲಿ ಬಂತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು, ಮಾರ್ಚ್‌ನಲ್ಲಿ ವಿರುಪಾಪುರ ಗಡ್ಡೆಯ ರೆಸಾರ್ಟುಗಳ ತೆರವು. ನಿಯಮ ಮೀರಿದ ಕಟ್ಟಡ ಎಂಬುದರಲ್ಲಿ ಕೋರ್ಟಿಗೆ ಸಂಶಯವಿರಲಿಲ್ಲ. ಆದರೆ ವ್ಯಾಪಾರ ಹೊಳೆಯ ನೀರಿದ್ದಂತೆ: ಇಲ್ಲಿ ಒಡ್ಡು ಹಾಕಿದರೆ ಅಲ್ಲಿ ನುಗ್ಗುತ್ತದೆ. ಸಾಣಾಪುರ, ಆನೆಗೊಂದಿಯ ಗದ್ದೆಗಳ ನಡುವೆ ಹೊಸ ಕೋಣೆಗಳೆದ್ದವು.

ಊರು ಖಾಲಿಯಾದ ಈ ವರ್ಷಗಳಲ್ಲೇ ನೋಡುವವರ ದಂಡು ಬೆಳೆಯಿತು. 2017ರಲ್ಲಿ ಹೊಸ ಐವತ್ತರ ನೋಟಿನ ಮೇಲೆ ಕಲ್ಲಿನ ರಥ ಅಚ್ಚಾಯಿತು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಲೇಬೇಕಾದ 52 ಸ್ಥಳಗಳಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತು. ಸುಮಾರು ಅದೇ ಹೊತ್ತಿಗೆ ಕೆಲವು ಹುಡುಗರು ಗುಡಿಯೊಂದರ ಕಂಬ ದೂಡಿ ಬೀಳಿಸುವ ವಿಡಿಯೊ ದೇಶವೆಲ್ಲ ಹರಿದಾಡಿತು. ಕೋರ್ಟು ಅವರಿಗೆ ದಂಡ ಹಾಕಿ, ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಬಂದ ಮೇಲೆ, ಹೊಸಪೇಟೆಯ ಹಾದಿ ಕಾಣದ ಹೆಣ್ಣುಮಕ್ಕಳೂ ಬಸ್ಸು ಹತ್ತಿ ವಿರೂಪಾಕ್ಷನ ಮುಂದೆ ಕೈಮುಗಿದರು. ಈ ಜನರನ್ನು ‘ಗದ್ದಲ’ ಎಂದು ಕರೆಯಲು ನನಗೆ ಬಾಯಿ ಬಾರದು. ಧಾರವಾಡದ ವಕೀಲ ಆಲೂರರು ಹೊಳೆ ದಾಟಿ ಹಂಪಿ ನೋಡಬಹುದಾದರೆ ನವಲಗುಂದದ ಅಜ್ಜಿಯೂ ನೋಡಬೇಕು.

ಸಮಸ್ಯೆ ಬರುವವರದ್ದಷ್ಟೇ ಅಲ್ಲ, ಬಂದು ನೋಡುವ ರೀತಿಯದ್ದು. ವಿಠ್ಠಲ ದೇವಸ್ಥಾನಕ್ಕೆ ಈಗ ಬ್ಯಾಟರಿ ಗಾಡಿ. ಇಳಿದವರೆಲ್ಲ ರಥದ ಮುಂದೆ ಒಂದೇ ಕೋನದಲ್ಲಿ ಐವತ್ತರ ನೋಟು ಹಿಡಿದು ನಿಲ್ಲುತ್ತಾರೆ. ಸಪ್ತಸ್ವರದ ಕಂಬಗಳನ್ನು ಬಡಿದು ಬಡಿದು ದಣಿಸಿದ್ದರಿಂದ ಆ ಮಂಟಪಕ್ಕೆ ಪ್ರವೇಶವಿಲ್ಲ. ಅದೇ ಗುಡಿಗೆ ವಿರೂಪಾಕ್ಷದ ಕಡೆಯಿಂದ ಹೊಳೆದಂಡೆಯ ದಾರಿ ಇದೆ. ಸುಮಾರು ಎರಡು ಕಿಲೋಮೀಟರ್. ಕೋದಂಡರಾಮ, ಅಚ್ಯುತರಾಯನ ಗುಡಿಯ ಬೀದಿ, ಪುರಂದರದಾಸರ ಮಂಟಪ ಎಲ್ಲ ಆ ಹಾದಿಯಲ್ಲೇ. ರವಿವಾರವೂ ಅಲ್ಲಿ ನೂಕುನುಗ್ಗಲಿಲ್ಲ, ಏಕೆಂದರೆ ನಡೆಯಬೇಕು. ಗಾದೆ ಕಟ್ಟಿದವರು ಜಾಣರು: ಜನಸಂದಣಿಗೆ ಶುಲ್ಕವಿಲ್ಲದ ತಡೆಯೊಂದನ್ನು ಕಾಲಿನಲ್ಲೇ ಇಟ್ಟಿದ್ದರು. ಅದನ್ನು ನಾವು ಚಕ್ರ ಜೋಡಿಸಿ ತೆಗೆದೆವು.

ವೆನಿಸ್ಸಿನಲ್ಲಿ ಪ್ರವಾಸಿಗರು ಊರಿನವರನ್ನು ಹೊರದಬ್ಬಿದರು ಎನ್ನುತ್ತಾರೆ. ಹಂಪಿಯಲ್ಲಿ ಕಲ್ಲಿನ ರಕ್ಷಣೆಗೆಂದು ಊರಿನವರನ್ನು ಕಳಿಸಿದೆವು, ಪ್ರವಾಸಿಗರನ್ನು ಉಳಿಸಿಕೊಂಡೆವು. ಎರಡೂ ಕಡೆ ಉಳಿದದ್ದು ಒಂದೇ: ಹಗಲು ತುಂಬಿ ರಾತ್ರಿ ಖಾಲಿಯಾಗುವ ಜಾಗ. ಅಷ್ಟಾಗಿಯೂ ಕಲ್ಲು ಸುರಕ್ಷಿತವೇ? 2024ರ ಮೇ ತಿಂಗಳ ಮಳೆಗೆ ಅದೇ ಬಜಾರದ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಆಗ ಅದರೊಳಗೆ ಯಾವ ಸಂಸಾರವೂ ಇರಲಿಲ್ಲ.

ಬೆಳಗ್ಗೆ ನಮ್ಮ ಕಾರುಗಳಿಗಿಂತ ಮೊದಲೇ ಕಡ್ಡಿರಾಂಪುರದ ಕಡೆಯಿಂದ ಕೆಲವರು ಹಂಪಿಗೆ ಬರುತ್ತಾರೆ. ಎಳನೀರು, ಬಾಳೆಹಣ್ಣು, ಹೂವು ಮಾರಲಿಕ್ಕೆ. ಸಂಜೆ ನಾವು ಹುಬ್ಬಳ್ಳಿ ದಾರಿ ಹಿಡಿದಂತೆ ಅವರೂ ತಮ್ಮ ದಾರಿ ಹಿಡಿಯುತ್ತಾರೆ. ಕಾಲಿದ್ದವರು ಹಂಪಿ ನೋಡಬೇಕು, ಸರಿ. ಈಗ ಹಂಪಿಯವರೂ ಹಂಪಿಗೆ ನಡೆದೇ ಬರಬೇಕು.