ಓಬಳಾಪುರದ ಓಟು ಬೇಕಿಲ್ಲದ ಧಣಿ

ಗಣಿ ಹಗರಣ ಎಂದರೆ ಬಳ್ಳಾರಿ ಎಂದೇ ನಮಗೆ ರೂಢಿ. ಆದರೆ ಆ ಹಗರಣದ ಮುಖ್ಯ ಕಂಪನಿಗೆ ಹೆಸರು ಕೊಟ್ಟ ಓಬಳಾಪುರ ಬಳ್ಳಾರಿಯಲ್ಲಿಲ್ಲ, ಕರ್ನಾಟಕದಲ್ಲೇ ಇಲ್ಲ. ಆಂಧ್ರದ ಅನಂತಪುರ ಜಿಲ್ಲೆ, ಡಿ. ಹಿರೇಹಾಳ್ ಮಂಡಲ, ರಾಯದುರ್ಗ ವಿಧಾನಸಭಾ ಕ್ಷೇತ್ರ, ಇದು ಅದರ ವಿಳಾಸ.

ಈ ವಿಳಾಸ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಹೋಳಾಗಿ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಅಂದಿನ ಜಗಳ ಭಾಷೆಯದು, ತುಂಗಭದ್ರೆಯ ನೀರಿನದು. ಕಾಡಿನ ನಡುವೆ ಹಾದ ಗೆರೆ ಎಲ್ಲಿದೆ ಎಂದು ಆಗ ಯಾರೂ ಹಗ್ಗ ಹಿಡಿದು ಅಳೆಯಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಬಾಳು ರಾಯದುರ್ಗದ ಹಳ್ಳಿಗಳಿಗೆ ಒಗ್ಗಿಹೋಯಿತು. ಮೂರು ಕಡೆ ಕರ್ನಾಟಕವೇ ಸುತ್ತುವರಿದ ಮಡಕಶಿರದ್ದೂ ಇದೇ ಪಾಡು. ಅದೀಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮಡಕಶಿರಕ್ಕೆ ಬಳ್ಳಾರಿ ಸೀಮೆಯಂಥ ಅದಿರಿನ ಗುಡ್ಡವಿಲ್ಲ. ಪುಣ್ಯ ಮಾಡಿತ್ತು ಎನ್ನಬೇಕು.

ಇಪ್ಪತ್ತೇಳು ರೂಪಾಯಿಯ ಲೆಕ್ಕ

2003ರ ಹೊತ್ತಿಗೆ ಚೀನಾದ ಉಕ್ಕಿನ ಹಸಿವು ಕೆರಳಿತು. ಅಲ್ಲಿಯವರೆಗೆ ಕೇಳುವವರಿಲ್ಲದ ಅದಿರಿನ ಪುಡಿಗೂ ಟನ್ನಿಗೆ ಸಾವಿರಗಟ್ಟಲೆ ಬೆಲೆ ಬಂತು. ಸರ್ಕಾರಕ್ಕೆ ಕಟ್ಟಬೇಕಿದ್ದ ರಾಜಧನ ಮಾತ್ರ ಉತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ಮೀರುತ್ತಿರಲಿಲ್ಲ. ಮಾರಾಟ ಬೆಲೆಯ ಶೇ. 10ರ ಲೆಕ್ಕ ಜಾರಿಗೆ ಬಂದದ್ದು 2009ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಲಾರಿಗಳು ಬಂದರು ಮುಟ್ಟಿಯಾಗಿತ್ತು. ಕಳ್ಳತನವನ್ನು ಬದಿಗಿಟ್ಟರೂ, ಕಾನೂನುಬದ್ಧ ಲಾಭವೇ ಒಬ್ಬ ಪೊಲೀಸ್ ಪೇದೆಯ ಮಗನನ್ನು ಕುಬೇರನನ್ನಾಗಿಸಲು ಸಾಕಿತ್ತು. ಆ ಮಗನಿಗೆ, ಓಬಳಾಪುರದ ಹೆಸರು ಹೊತ್ತ ಕಂಪನಿಯ ಒಡೆಯ ಗಾಲಿ ಜನಾರ್ದನ ರೆಡ್ಡಿಯವರಿಗೆ, ಅಷ್ಟು ಸಾಲದಾಯಿತು ಎಂಬುದು ತನಿಖೆಗಳ ಸಾರ.

ಆಂಧ್ರದ ಕಡೆಯಿಂದ ನೋಡಿದರೆ ಯಂತ್ರ ಹೇಗೆ ತಿರುಗುತ್ತಿತ್ತೆಂಬುದು ಸ್ಪಷ್ಟ. 2007ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ಓಬಳಾಪುರಂ ಮೈನಿಂಗ್ ಕಂಪನಿಗೆ 68.5 ಮತ್ತು 39.5 ಹೆಕ್ಟೇರಿನ ಹೊಸ ಗುತ್ತಿಗೆ ಕೊಟ್ಟಿತು. ಕಡಪ ಜಿಲ್ಲೆಯಲ್ಲಿ ಬ್ರಹ್ಮಣಿ ಸ್ಟೀಲ್ಸ್ ಬರುತ್ತದೆ, ಅದಿರು ಅದಕ್ಕೇ ಎಂಬುದು ಸಮಜಾಯಿಷಿ. ಆದರೆ ಸ್ವಂತ ಕಾರ್ಖಾನೆಗೆ ಮಾತ್ರ ಬಳಸಬೇಕೆಂಬ ಷರತ್ತು ಅಂತಿಮ ಆದೇಶದಲ್ಲಿ ಕಾಣಲಿಲ್ಲ ಎಂದು ಸಿಬಿಐ ಆರೋಪಿಸಿತು. ಬ್ರಹ್ಮಣಿಗೆ 10,000ಕ್ಕೂ ಹೆಚ್ಚು ಎಕರೆ ಸಿಕ್ಕಿತು, ಉಕ್ಕು ಮಾತ್ರ ಹೊರಬರಲಿಲ್ಲ.

ಎರಡನೆಯ ಆರೋಪ ಇನ್ನೂ ಸರಳ: ಕರ್ನಾಟಕದ ಕಾಡಿನಲ್ಲಿ ಅಗೆದು, ಆಂಧ್ರದ ಪರ್ಮಿಟ್ ತೋರಿಸಿ ಸಾಗಿಸುವುದು. ಇದಕ್ಕೆ ಗಡಿ ಮಸುಕಾಗಿದ್ದಷ್ಟೂ ಅನುಕೂಲ. ಗಡಿಯ ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಹಳೆಯ ಗುಡಿ 2006ರಲ್ಲಿ ನೆಲಸಮವಾಯಿತು. ಗಡಿಕಲ್ಲುಗಳೂ ಜಾಗ ಬದಲಿಸಿದವು ಎಂಬ ದೂರು ಹೊತ್ತು ಗಣಿ ಮಾಲೀಕ ಟಪಾಲ್ ಗಣೇಶ್ ವರ್ಷಗಟ್ಟಲೆ ಕೋರ್ಟು ಅಲೆದರು.

ಹಿಂದೆ ನಿಲ್ಲಲಿಲ್ಲ, ಒಳಗೆ ಕೂತರು

1996ರಲ್ಲಿ ಯೆಲ್ಟ್ಸಿನ್ ಚುನಾವಣೆಗೆ ಹಣ ಸುರಿದ ರಷ್ಯಾದ ಸಿರಿವಂತರು ಬಹುಪಾಲು ಸರ್ಕಾರದ ಹಿಂದೆ ನಿಂತರು. ಬಳ್ಳಾರಿಯವರಿಗೆ ಆ ಸಂಕೋಚವೂ ಇರಲಿಲ್ಲ. 2008ರಲ್ಲಿ ಬಹುಮತಕ್ಕೆ ಮೂರು ಸ್ಥಾನ ಕಡಿಮೆಯಾಗಿ 110ಕ್ಕೆ ನಿಂತ ಬಿಜೆಪಿಗೆ ಪಕ್ಷೇತರರನ್ನು ಹೊಂದಿಸಿದ್ದರಲ್ಲಿ ರೆಡ್ಡಿ ಬಳಗದ ಕೈ ದೊಡ್ಡದು. ಅಣ್ಣ ಕರುಣಾಕರ ರೆಡ್ಡಿ ಕಂದಾಯ ಸಚಿವರಾದರು, ಜನಾರ್ದನ ರೆಡ್ಡಿ ಪ್ರವಾಸೋದ್ಯಮ, ಬಳಗದ ಶ್ರೀರಾಮುಲು ಆರೋಗ್ಯ. ಜಮೀನಿನ ದಾಖಲೆ ಕಾಯುವ ಇಲಾಖೆಯೇ ಗಣಿಧಣಿಗಳ ಮನೆಗೆ ಬಂದಂತಾಯಿತು. ಮರುವರ್ಷವೇ ಬಂಡಾಯ. ಶಾಸಕರ ದಂಡು ಹೈದರಾಬಾದಿನಲ್ಲಿ ಬೀಡುಬಿಟ್ಟಿತು, ಮುಖ್ಯಮಂತ್ರಿ ಯಡಿಯೂರಪ್ಪ ಟಿವಿ ಕ್ಯಾಮೆರಾ ಮುಂದೆ ಕಣ್ಣೀರಿಟ್ಟರು, ಶೋಭಾ ಕರಂದ್ಲಾಜೆ ಸಂಪುಟ ಬಿಟ್ಟರು.

ನನಗೆ ಈ ಇಡೀ ಪ್ರಕರಣದಲ್ಲಿ ಕಾಡುವುದು ಇದು. ಮತದಾರನಿಗೆ ಧಣಿಯ ಮೇಲೆ ಇರುವ ಒಂದೇ ಲಗಾಮು ಓಟು. ಡಿ. ಹಿರೇಹಾಳಿನ ರೈತನಿಗೆ ಅದೂ ಇರಲಿಲ್ಲ. ಅವನ ಗುಡ್ಡ ಅಗೆದ ಕಂಪನಿಯ ಒಡೆಯ ಪಕ್ಕದ ರಾಜ್ಯದ ಮಂತ್ರಿ. ತನ್ನ ಶಾಸಕರ ಮುಂದೆ ಗೋಳಾಡಬಹುದಿತ್ತು, ಆದರೆ ಗುತ್ತಿಗೆ ಮಂಜೂರಾದದ್ದೇ ಹೈದರಾಬಾದಿನಲ್ಲಿ. ಬೆಂಗಳೂರು ಅವನ ಮಾತು ಕೇಳಬೇಕಾದ ಊರೇ ಅಲ್ಲ. ದುಡ್ಡು ಎರಡೂ ರಾಜಧಾನಿಗಳಲ್ಲಿ ಓಡಾಡುತ್ತಿತ್ತು, ಅವನ ಓಟು ಒಂದರಲ್ಲೇ ಸಿಕ್ಕಿಬಿದ್ದಿತ್ತು.

ಕಟ್ಟು ಸಡಿಲಿದ್ದು

2009ರ ಸೆಪ್ಟೆಂಬರ್ 2ರಂದು ವೈ.ಎಸ್.ಆರ್. ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಡಿಸೆಂಬರಿನಲ್ಲಿ ರೋಸಯ್ಯ ಸರ್ಕಾರದ ಕೋರಿಕೆಯಂತೆ ಸಿಬಿಐ ಪ್ರಕರಣ ದಾಖಲಿಸಿತು. ಒಬ್ಬ ಮುಖ್ಯಮಂತ್ರಿ ಇಲ್ಲವಾದೊಡನೆ ಕಡತ ಕದಲಿತೆಂದರೆ, ಅದು ಅಷ್ಟು ದಿನ ಯಾಕೆ ಕದಲಿರಲಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಇತ್ತ 2010ರಲ್ಲಿ ಗಣಿ ಅಕ್ರಮದ ವಿರುದ್ಧ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ ನಡೆದರು. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 16,085 ಕೋಟಿ ರೂಪಾಯಿ ನಷ್ಟದ ಲೆಕ್ಕ ಕೊಟ್ಟಿತು. ಅಕ್ರಮ ಅದಿರು ಅಡೆತಡೆಯಿಲ್ಲದೆ ಸಾಗುವ ವ್ಯವಸ್ಥೆಗೆ ‘ಝೀರೋ ರಿಸ್ಕ್’ ಎಂಬ ಹೆಸರಿತ್ತೆಂದು ನಾಡಿಗೆ ತಿಳಿದದ್ದೂ ಅದರಿಂದಲೇ. ಸೆಪ್ಟೆಂಬರ್ 5ರಂದು ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು.

ಜೈಲಿನಿಂದ ರಾಜಕೀಯ ಮುಗಿಯಿತು ಎಂದುಕೊಂಡವರು ಮೋಸಹೋದರು. ಬಳ್ಳಾರಿಗೆ ಕಾಲಿಡಬಾರದೆಂಬ ಜಾಮೀನಿನ ಷರತ್ತಿದ್ದಾಗಲೇ ಅವರು ಹೊಸ ಪಕ್ಷ ಕಟ್ಟಿ 2023ರಲ್ಲಿ ಗಂಗಾವತಿ ಗೆದ್ದರು, ಮರುವರ್ಷ ಬಿಜೆಪಿಗೆ ಮರಳಿದರು. ಷರತ್ತು ಸಡಿಲಗೊಂಡು ಬಳ್ಳಾರಿಗೆ ಬಂದು ಸಂಡೂರು ಉಪಚುನಾವಣೆಯಲ್ಲಿ ಓಡಾಡಿದರೂ ಅಲ್ಲಿ ಗೆದ್ದದ್ದು ಕಾಂಗ್ರೆಸ್.

2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಅವರಿಗೆ 7 ವರ್ಷ ಶಿಕ್ಷೆ ವಿಧಿಸಿತು. ಆಂಧ್ರದ ಗಣಿ ಇಲಾಖೆಯ ಮಾಜಿ ನಿರ್ದೇಶಕರೂ ತಪ್ಪಿತಸ್ಥರಾದರು. ಆಗಿನ ಗಣಿ ಸಚಿವೆ ಸಬಿತಾ ಇಂದ್ರಾರೆಡ್ಡಿ ಖುಲಾಸೆಯಾದರು. ರೆಡ್ಡಿಯವರ ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆ ಅಮಾನತಿನಲ್ಲಿಟ್ಟಿತು, ಸ್ಥಾನ ಮರಳಿ ಬಂತು.