ಕೊಲೆಗಾರನು ಸಿಗದ ಕಾದಂಬರಿ: ನಾಲ್ಕು ಊರುಗಳ ವಾಚಕರ ಮತ

ಮನೆಯಲ್ಲಿ ಹದಿನೈದು ಹದಿನಾರು ವರ್ಷದ ಮಕ್ಕಳಿರುವ ಗೃಹಸ್ಥರಿಗೆ ಒಂದು ಪ್ರಶ್ನೆಯು ಎಂದಾದರೊಂದು ದಿನ ಎದುರಾಗದೆ ಹೋಗದು. ಅಭ್ಯಾಸದ ಪುಸ್ತಕದ ಮರೆಯಲ್ಲಿ ಮಗನೋ ಮಗಳೋ ಬೇರೊಂದು ಪುಸ್ತಕವನ್ನು ಹಿಡಿದುಕೊಂಡಿರುವದು ಕಣ್ಣಿಗೆ ಬೀಳುತ್ತದೆ. ತೆಗೆದು ನೋಡಿದರೆ ಅದರಲ್ಲಿ ಕೊಲೆಯುಂಟು, ಪೋಲೀಸರುಂಟು, ಪ್ರೇಮವೂ ಉಂಟು. ಅದನ್ನು ಕಸಿದುಕೊಳ್ಳತಕ್ಕದ್ದೋ, ಕಂಡೂ ಕಾಣದಂತೆ ಇರತಕ್ಕದ್ದೋ, ಇಲ್ಲವೆ ರಾತ್ರಿ ಮಕ್ಕಳು ಮಲಗಿದ ಮೇಲೆ ತಾವೇ ಓದತಕ್ಕದ್ದೋ? ಮೂರನೆಯ ದಾರಿಯನ್ನು ಹಿಡಿದ ತಾಯಿತಂದೆಗಳು ನಾವು ತಿಳಿದುದಕ್ಕಿಂತ ಹೆಚ್ಚು ಮಂದಿ ಇರುವರೆಂಬುದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ವಾಚಕರನ್ನು ವಿಚಾರಿಸಿದಾಗ ಗೊತ್ತಾಯಿತು. ವಿಚಾರಿಸಿದುದು ಒಂದೇ ಪುಸ್ತಕದ ವಿಷಯವಾಗಿ. ಅದು ಶ್ರೀ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'.

ಕನ್ನಡಿಗರಿಗೆ ಪತ್ತೇದಾರಿ ಕಥೆಯು ಹೊಸದಲ್ಲ. ಈ ಸೀಮೆಯು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ ಮರಾಠಿಯನ್ನು ಬಲ್ಲ ಹಿರಿಯರು ಬಾಬೂರಾವ್ ಅರ್ನಾಳಕರರ ಕಿರುಕಾದಂಬರಿಗಳನ್ನು ಓದುತ್ತಿದ್ದರು. ಆ ಮಹಾಶಯರು ಅಂಥವನ್ನು ಸಾವಿರಕ್ಕೂ ಮಿಗಿಲಾಗಿ ಬರೆದರು. ಕನ್ನಡದಲ್ಲಿ ಆ ಸ್ಥಾನವು ಶ್ರೀ ಎನ್. ನರಸಿಂಹಯ್ಯನವರದು. ನಾಲ್ಕನೆಯ ಇಯತ್ತೆಯಷ್ಟೇ ಕಲಿತ ಈ ಗ್ರಂಥಕರ್ತರು ೫೦೦ಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದು ೨೦೧೧ರಲ್ಲಿ ತೀರಿಕೊಂಡರು. ಅವರ ಪತ್ತೇದಾರ ಪುರುಷೋತ್ತಮನನ್ನು ಹಿಂಬಾಲಿಸುತ್ತಲೇ ಓದುವ ರೂಢಿಯನ್ನು ಹಚ್ಚಿಕೊಂಡವರು ನಾಡಿನಲ್ಲಿ ಎಷ್ಟೋ ಮಂದಿ. ವಿದ್ವಾಂಸರು ಮೂಗು ಮುರಿದರೇನಾಯಿತು? ಓದುವ ಚಟವನ್ನು ಹತ್ತಿಸಿದವರ ಋಣವನ್ನು ಮರೆಯುವದು ನ್ಯಾಯವಲ್ಲ. ಆ ಕಥೆಗಳಲ್ಲಿ ಒಂದು ನಿಯಮವು ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಪುಸ್ತಕವು ಮುಗಿಯುವದರೊಳಗಾಗಿ ಅಪರಾಧಿಯ ಕೈಗೆ ಬೇಡಿಯು ಬೀಳಲೇಬೇಕು. ತೇಜಸ್ವಿಯವರ ಪುಸ್ತಕದ ಬಗ್ಗೆ ಎದ್ದ ತಕರಾರೆಲ್ಲವೂ ಇಲ್ಲಿಂದಲೇ ಹುಟ್ಟಿರುವದು.

'ಚಿದಂಬರ ರಹಸ್ಯ'ವು ೧೯೮೫ರಲ್ಲಿ ಹೊರಬಿದ್ದಿತು. ೧೯೮೭ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ೨೦೦೭ರಲ್ಲಿ ನಮ್ಮನ್ನಗಲಿದ ಈ ಲೇಖಕರು ಮೂಡಿಗೆರೆಯ ತೋಟದಲ್ಲಿ ಬಾಳಿದವರಾದ್ದರಿಂದ ಮಲೆನಾಡನ್ನು ಕಣ್ಣಾರೆ ಕಂಡಂತೆ ಬರೆಯಬಲ್ಲವರಾಗಿದ್ದರು. ಎಳೆಯರಿಗೆಂದೇ ಬರೆದ ಪುಸ್ತಕವು ಇದಲ್ಲ. ಆದರೆ ಕಾಲೇಜಿನ ಮೆಟ್ಟಿಲನ್ನು ಹತ್ತಿದ ಹುಡುಗ ಹುಡುಗಿಯರು ಇದನ್ನು ತಮ್ಮದೆಂದು ಎತ್ತಿಕೊಂಡುಬಿಟ್ಟಿರುವರು. ಕಾರಣವು ಸ್ಪಷ್ಟವೇ ಇದೆ. ಕಥೆಯು ನಡೆಯುವ ಕೆಸರೂರಿನಲ್ಲಿ ಕ್ರಾಂತಿಯ ಮಾತನ್ನಾಡುವ ಕಾಲೇಜು ತರುಣರಿರುವರು; ರಫಿ ಎಂಬ ಮುಸಲ್ಮಾನ ಹುಡುಗನಿಗೂ ಜಯಂತಿ ಎಂಬ ಗೌಡರ ಮಗಳಿಗೂ ಪ್ರೀತಿಯು ಬೆಳೆಯುತ್ತದೆ. ಏಲಕ್ಕಿಯ ಸಂಶೋಧನೆಯನ್ನು ನಡಿಸಿದ್ದ ಜೋಗಿಹಾಳರೆಂಬ ವಿಜ್ಞಾನಿಯು ಸಂಶಯಾಸ್ಪದವಾಗಿ ಸತ್ತಿರುವನು. ಇತ್ತ ಏಲಕ್ಕಿಯ ಬೆಳೆಯೇ ಕ್ಷೀಣಿಸುತ್ತ ನಡೆದಿದೆ. ಇದರ ಮರ್ಮವನ್ನು ಶೋಧಿಸಲು ಶ್ಯಾಮನಂದನ ಅಂಗಡಿ ಎಂಬ ಅಧಿಕಾರಿಯು ಬರುವನು. ರಾತ್ರಿಯಾದರೆ ಕೃಷ್ಣೇಗೌಡರ ಮನೆಯ ಮೇಲೆ ಎಲ್ಲಿಂದಲೋ ಕಲ್ಲುಗಳು ಬೀಳುವವು. ಊರಿನಲ್ಲಿ ಜಾತಿಯ, ಮತದ ಗುಸುಗುಸು ಏಳುತ್ತದೆ. ಕಡೆಯಲ್ಲಿ ಬೆಂಕಿಯು ಹತ್ತಿ ಕೆಸರೂರು ಉರಿಯುತ್ತದೆ.

ಪತ್ತೇದಾರನ ಅಡ್ಡಹೆಸರು ನಮ್ಮ ಕಡೆಯದೆಂದು ನಾಲ್ಕೂ ಊರುಗಳ ವಾಚಕರು ಹಿಗ್ಗಿದರು. ಅಂಗಡಿ, ಜೋಗಿಹಾಳ ಇವೆಲ್ಲ ಇಲ್ಲಿಯ ಹಾಜರಿಪಟ್ಟಿಯಲ್ಲಿ ದಿನಾಲು ಕೇಳಿಬರುವ ಹೆಸರುಗಳು. ಬಿಸಿಲ ನಾಡಿನವನೊಬ್ಬನು ಆ ಮಳೆಯ, ಕಾಡಿನ ಊರಿಗೆ ಹೋಗಿ ಬೆಪ್ಪಾಗುವದನ್ನು ಓದಿ ಇವರಿಗೆ ನಗುವೋ ನಗು. ಏಲಕ್ಕಿಯನ್ನು ಹೋಳಿಗೆಯ ಹೂರಣದಲ್ಲಿಯೂ ಚಹದಲ್ಲಿಯೂ ಮಾತ್ರ ಬಲ್ಲ ನಮ್ಮ ಜನರಿಗೆ ಅದು ಒಂದು ಗಿಡ, ಅದಕ್ಕೂ ರೋಗವುಂಟು, ಆ ರೋಗದಿಂದ ಮನೆತನಗಳು ಮುಳುಗುವವು ಎಂಬುದು ಹೊಸ ತಿಳಿವಳಿಕೆ.

ಇಷ್ಟರ ವರೆಗೆ ಏಕಮತವು. ಮುಂದೆ ಹಾಗಿಲ್ಲ.

ಇಳಕಲ್ಲಿನಲ್ಲಿ ನೇಕಾರರ ಮನೆತನದ ಹಿರಿಯರೊಬ್ಬರು ಪುಸ್ತಕವನ್ನು ಎರಡು ಸಲ ಓದಿದ್ದರು, ಎರಡು ಸಲವೂ ಸಿಟ್ಟಾಗಿದ್ದರು. ಅವರ ಆಕ್ಷೇಪವನ್ನು ತಿಳಿಯಬೇಕಾದರೆ ಇಳಕಲ್ಲ ಸೀರೆಯ ಕಟ್ಟನ್ನು ತಿಳಿದಿರಬೇಕು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಶಿಮೆಯ ಹಾಸು ಬೇರೆ. ಎಳೆಗೆ ಎಳೆಯನ್ನು ಕೊಂಡಿ ಹಾಕಿ ಎರಡನ್ನೂ ಕೂಡಿಸುವ ಕೆಲಸಕ್ಕೆ ತೋಪತೆನಿ ಎನ್ನುವರು. ಒಂದು ಎಳೆಯು ತಪ್ಪಿದರೂ ಕೂಡಿದ ಕಡೆಯಲ್ಲಿ ಬಾಯಿ ಬಿಡುವದು. ಕೊಳ್ಳುವವರು ಮೊದಲು ಕೈಯಾಡಿಸಿ ನೋಡುವದೂ ಅಲ್ಲಿಯೇ. ಕಾದಂಬರಿಯ ಒಡಲು ಬಹಳ ಚೆನ್ನಾಗಿದೆ, ಸೆರಗೂ ಕೆಂಪಾಗಿ ಉರಿಯುತ್ತದೆ, ಆದರೆ ತೋಪತೆನಿಯನ್ನೇ ಹಾಕಿಲ್ಲವೆಂಬುದು ಇವರ ದೂರು. ಜೋಗಿಹಾಳರ ಸಾವಿಗೆ ಉತ್ತರವನ್ನು ಕಾಯುತ್ತ ಕುಳಿತವನಿಗೆ ಲೇಖಕರು ಊರಿಗೆ ಬಿದ್ದ ಬೆಂಕಿಯನ್ನು ತೋರಿಸಿ ಕಳಿಸಿಬಿಡುವರಂತೆ. ಇದು ಕೈಗಳ್ಳತನವಲ್ಲವೆ ಎಂದು ಅವರು ನಮ್ಮನ್ನೇ ಕೇಳಿದರು. ಅದೇ ಮನೆಯ ಸೊಸೆಯ ತಕರಾರು ಬೇರೆ. ಇಷ್ಟು ದೊಡ್ಡ ಊರಿನ ಕಥೆಯಲ್ಲಿ ಗಂಡಸರು ಮಾತಾಡಿದಷ್ಟು ಹೆಂಗಸರು ಮಾತಾಡುವದಿಲ್ಲ. ಊರಿನ ನಿಜವಾದ ಗುಟ್ಟುಗಳೆಲ್ಲ ಹಿತ್ತಲಲ್ಲಿಯೂ ನೀರಿನ ಕಟ್ಟೆಯ ಮೇಲೆಯೂ ಇರುವವು. ಪತ್ತೇದಾರನು ಅಲ್ಲಿಗೆ ಹೋಗಲೇ ಇಲ್ಲ! ಈ ಮಾತಿಗೆ ಸರಿಯಾದ ಉತ್ತರವು ಪುಸ್ತಕದಲ್ಲಿಲ್ಲವೆಂಬುದು ನಮ್ಮ ಅಭಿಪ್ರಾಯವು.

ಹುನಗುಂದದ ವಕೀಲರೊಬ್ಬರಿಗೆ ಇಳಕಲ್ಲಿನವರ ಸಿಟ್ಟನ್ನು ತಿಳಿಸಿದಾಗ ಅವರು ನಕ್ಕರು. ಕೋರ್ಟಿನ ಮೆಟ್ಟಿಲನ್ನು ತುಳಿದವನು ಇಂಥ ಆಕ್ಷೇಪವನ್ನು ಎತ್ತಲಾರನೆಂದರು. ಫಿರ್ಯಾದು ಸುಳ್ಳೆಂದು ಕಂಡಾಗ ಪೋಲೀಸರು ಬಿ ರಿಪೋರ್ಟು ಹಾಕುವರು. ಅಪರಾಧವು ನಡೆದುದು ನಿಜ, ಮಾಡಿದವನು ಮಾತ್ರ ಪತ್ತೆಯಾಗಲಿಲ್ಲ ಎಂದಾದರೆ ಸಿ ರಿಪೋರ್ಟು. ಕಾದಂಬರಿಗಳೆಲ್ಲ ಶಿಕ್ಷೆಯಾದ ಖಟ್ಲೆಗಳ ಮೇಲೆಯೇ ಹುಟ್ಟಿರುವವು, ಸಿ ರಿಪೋರ್ಟಿನ ಮೇಲೆ ಬರೆಯುವ ಧೈರ್ಯವು ತೇಜಸ್ವಿಯವರದೆಂಬುದು ಇವರ ಹೊಗಳಿಕೆ. ಅವರ ಮಗನು ಹತ್ತನೆಯ ಇಯತ್ತೆಯವನು. ತಂದೆಯ ಮಾತನ್ನು ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ನಡುವೆ ಬಾಯಿ ಹಾಕಿ, ಕೋರ್ಟಿನಲ್ಲಿ ಆದಂತೆಯೇ ಪುಸ್ತಕದಲ್ಲಿಯೂ ಆಗುವದಾದರೆ ಪುಸ್ತಕವನ್ನು ಯಾಕೆ ಓದಬೇಕು ಎಂದನು. ವಕೀಲರು ಆ ಪ್ರಶ್ನೆಗೆ ಜವಾಬು ಕೊಡದೆ ಚಹ ತರಲು ಹೇಳಿದರು.

ಹುಡುಗನ ಪ್ರಶ್ನೆಯು ಹುಡುಗಾಟದ್ದಲ್ಲ. ಇದೇ ವಿಷಯವಾಗಿ ಇಂಗ್ಲಂಡದಲ್ಲಿ ದೊಡ್ಡ ವಾದವೇ ನಡೆದಿತ್ತು. ೧೯೨೬ರಲ್ಲಿ ಅಗಾಥಾ ಕ್ರಿಸ್ಟಿ ಬಾಯಿಯವರು ರೋಜರ್ ಆಕ್ರಾಯ್ಡನ ಕೊಲೆಯ ಕಥೆಯನ್ನು ಪ್ರಕಟಿಸಿದಾಗ, ಲೇಖಕಿಯು ಓದುಗರಿಗೆ ಮೋಸ ಮಾಡಿದಳೆಂದು ಕೆಲವರು ಕೂಗೆಬ್ಬಿಸಿದರು. ಇದಕ್ಕಿಂತ ಜಾಣ ಕಥೆಯಿಲ್ಲವೆಂದು ಬೇರೆ ಕೆಲವರು ಮೆಚ್ಚಿದರು. (ಮೋಸವು ಯಾವುದೆಂಬುದನ್ನು ಓದದವರ ಸಲುವಾಗಿ ಇಲ್ಲಿ ಹೇಳಲಾರೆವು.) ೧೯೨೯ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಯು, ಸ್ವತಃ ಪತ್ತೇದಾರಿ ಕಥೆಗಳನ್ನು ಬರೆಯುತ್ತಿದ್ದವನು, ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಹಾಕಿಕೊಟ್ಟನು. ಅಪರಾಧಿಯು ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವುಗಳು ಓದುಗನಿಗೂ ಸಿಗಬೇಕು ಎಂಬಂಥವು ಅವು. ಅಂದರೆ ಲೇಖಕನಿಗೂ ಓದುಗನಿಗೂ ನಡುವೆ ಒಂದು ಕರಾರುಪತ್ರವಿದೆ, ಅದನ್ನು ಮುರಿಯಬಾರದು ಎಂದರ್ಥ. ಇಳಕಲ್ಲಿನ ಹಿರಿಯರು ನಾಕ್ಸನ ಹೆಸರನ್ನು ಕೇಳದೆಯೇ ಅವನ ಪಕ್ಷದವರಾಗಿರುವರು.

ಬಾದಾಮಿಯಲ್ಲಿ ಮಾತು ಕೊಲೆಯ ಕಡೆಗೆ ತಿರುಗಲೇ ಇಲ್ಲ. ಅಲ್ಲಿ ಒಬ್ಬ ತಾಯಿಯು ಮಗಳ ದಿಂಬಿನ ಕೆಳಗಿನಿಂದ ಪುಸ್ತಕವನ್ನು ತೆಗೆದು ಓದಿದ್ದರು. ರಫಿ ಜಯಂತಿಯರ ವಿಷಯವು ಬಂದಲ್ಲೆಲ್ಲ ಅವರಿಗೆ ಎದೆ ಹೊಡೆದುಕೊಂಡಿತಂತೆ. ಮಗಳ ಮನಸ್ಸಿನಲ್ಲಿ ಏನು ಕೂತಿತೋ ಎಂಬ ಭಯವು. ಮಗಳನ್ನು ಬೇರೆಯಾಗಿ ಕೇಳಿದಾಗ ಅವಳ ಭಯವೇ ಬೇರೆಯೆಂದು ಕಂಡಿತು. ಆ ಇಬ್ಬರು ಪರಸ್ಪರ ನೋಡಿದುದು ಅವಳಿಗೆ ದೊಡ್ಡದೆನಿಸಿರಲಿಲ್ಲ. ಅವರು ನೋಡಿದುದನ್ನು ಊರೆಲ್ಲ ನೋಡುತ್ತಿತ್ತಲ್ಲ, ನೆಟ್ಟಗೆ ಎದುರಿಗೆ ಒಬ್ಬರೂ ಮಾತಾಡಲಿಲ್ಲವಲ್ಲ, ಅದರಿಂದ ಅವಳಿಗೆ ಎರಡು ರಾತ್ರಿ ನಿದ್ರೆ ಬರಲಿಲ್ಲವಂತೆ. ತಾಯಿಮಗಳು ಒಂದೇ ಪುಟಗಳನ್ನು ಓದಿದ್ದರು. ಆ ಬಗ್ಗೆ ಒಬ್ಬರೊಡನೊಬ್ಬರು ಒಂದು ಮಾತನ್ನೂ ಆಡಿರಲಿಲ್ಲ. ಇಂಥ ಪುಸ್ತಕವು ಎಳೆಯರ ಕೈಗೆ ತಕ್ಕದ್ದೇ ಎಂದು ಆ ತಾಯಿಯು ನಮ್ಮನ್ನು ಕೇಳಿದರು. ಬನಶಂಕರಿಯ ಜಾತ್ರೆಗೆ ವರ್ಷ ವರ್ಷವೂ ಮನೆಮಂದಿಯೆಲ್ಲ ಹೋಗಿ ನಾಟಕ ಕಂಪನಿಗಳ ತಂಬುವಿನಲ್ಲಿ ಬೆಳಗಾಗುವ ತನಕ ಕುಳಿತು ಬರುವ ಊರದು. ಆ ರಂಗದ ಮೇಲೆ ಬೀಳುವ ಹೆಣಗಳೂ ಹಾಸ್ಯಗಾರನ ಎರಡರ್ಥದ ಮಾತುಗಳೂ ಮಕ್ಕಳಿಗೆ ಸಲ್ಲುವವಾದರೆ ತೇಜಸ್ವಿಯವರ ಸಭ್ಯವಾದ ಪುಸ್ತಕವು ಸಲ್ಲದೆಂದು ಹೇಳಲು ನಮಗೆ ನಾಲಿಗೆಯು ಏಳಲಿಲ್ಲ.

ಬಾಗಲಕೋಟೆಯ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ೧೯೬೪ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದಂದಿನಿಂದ ಈ ಊರಿಗೆ ತನ್ನ ಭವಿಷ್ಯವು ಗೊತ್ತಿತ್ತು. ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಹಿಂದೆ ಸರಿದು ಬಂದು ಹಳೆಯ ಊರಿನ ತಗ್ಗಿನ ಓಣಿಗಳನ್ನು ನುಂಗಿತು. ಜನರು ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ನಡೆದರು. ೧೯೯೭ರಲ್ಲಿ ಬಿಜಾಪುರದಿಂದ ಬೇರ್ಪಟ್ಟು ಜಿಲ್ಲೆಯೂ ಆಯಿತು, ಆದರೆ ಯಾವ ಊರಿನ ಹೆಸರಿನಿಂದ ಜಿಲ್ಲೆಯಾಯಿತೋ ಆ ಊರಿನ ಒಂದು ಭಾಗವು ನೀರಿನ ಪಾಲಾಗುವದಿತ್ತು. ಹೀಗೆ ಮನೆಯನ್ನು ಬಿಟ್ಟು ಬಂದ ನಿವೃತ್ತ ಮಾಸ್ತರರೊಬ್ಬರು ಕೆಸರೂರಿನ ಬೆಂಕಿಯನ್ನು ನೀರಿನ ಕಣ್ಣಿನಿಂದ ಓದಿದ್ದರು. ಕೆಸರೂರಿನವರಿಗೆ ತಮ್ಮ ಊರು ಸಾಯುತ್ತಿರುವದು ಕಾಣಲಿಲ್ಲ, ತಮಗೆ ಮೂವತ್ತು ವರ್ಷ ಮೊದಲೇ ಕಾಣುತ್ತಿತ್ತು, ಎರಡರಲ್ಲಿಯೂ ಜನರು ಮಾಡಿದುದು ಒಂದೇ ಎಂದು ಅವರು ಹೇಳಿದರು. ಏನೆಂದು ಕೇಳಿದೆವು. ಪಕ್ಕದವನಿಗೆ ತನಗಿಂತ ಹೆಚ್ಚು ಪರಿಹಾರವು ಹೇಗೆ ಸಿಕ್ಕಿತೆಂಬ ಲೆಕ್ಕವನ್ನು ಮಾಡಿದುದು. ಊರು ಹೋಗುವದಕ್ಕೆ ಮೊದಲೇ ಊರಿನೊಳಗಿನ ನಂಬಿಕೆಯು ಹೋಗಿತ್ತೆಂದು ಹೇಳುವಾಗ ಮಾಸ್ತರರ ಧ್ವನಿಯು ಇಳಿದಿತ್ತು. ಜೋಗಿಹಾಳರನ್ನು ಕೊಂದವರು ಯಾರೆಂಬ ಪ್ರಶ್ನೆಯನ್ನು ಅರ್ಧ ಪುಸ್ತಕದಲ್ಲಿಯೇ ತಾವು ಮರೆತುದಾಗಿ ಅವರು ತಿಳಿಸಿದರು.

ನಮ್ಮ ಮತವು ಬಹುಮಟ್ಟಿಗೆ ಮಾಸ್ತರರ ಮತವೇ. ಲೇಖಕರು ಹೆಸರಿನಲ್ಲಿಯೇ ಸೂಚನೆಯನ್ನು ಕೊಟ್ಟಿರುವರು. ಚಿದಂಬರದ ದೇವಾಲಯದಲ್ಲಿ ನಟರಾಜನ ಪಕ್ಕದ ತೆರೆಯನ್ನು ಸರಿಸಿದರೆ ಮೂರ್ತಿಯು ಕಾಣುವದಿಲ್ಲ. ಬಂಗಾರದ ಬಿಲ್ವಪತ್ರೆಗಳ ಮಾಲೆಯೂ ಅದರಾಚೆ ಬರಿಯ ಬಯಲೂ ಕಾಣುವವು. ಬಯಲೇ ದೇವರು. ತೆರೆಯನ್ನು ಸರಿಸಿದೊಡನೆ ಕೊಲೆಗಾರನು ನಿಂತಿರುವನೆಂದು ತಿಳಿದು ಹೋದವನಿಗೆ ನಿರಾಶೆಯಾಗುವದು ಸಹಜವು. ಆದರೆ ಸುಳಿವುಗಳನ್ನು ಲೇಖಕರು ಬಚ್ಚಿಟ್ಟಿಲ್ಲ. ನಾಕ್ಸನ ಕಟ್ಟಳೆಯಂತೆ ಮೊದಲಿನಿಂದಲೂ ಅವು ಕಣ್ಣೆದುರಿಗೇ ಇರುವವು. ಒಬ್ಬನು ಬೇರೊಬ್ಬನ ಬಗ್ಗೆ ಒಂದು ಸುಳ್ಳನ್ನು ಹೇಳುತ್ತಾನೆ, ಇನ್ನೊಬ್ಬನು ಸುಳ್ಳೆಂದು ತಿಳಿದೂ ಸುಮ್ಮನಿರುತ್ತಾನೆ, ಮೂರನೆಯವನು ಅದರಿಂದ ತನಗೇನು ಲಾಭವೆಂದು ನೋಡುತ್ತಾನೆ. ಇವನ್ನೆಲ್ಲ ನಗುನಗುತ್ತ ಓದಿ ಮುಂದೆ ದಾಟಿದ ವಾಚಕನು ಬೆಂಕಿಯನ್ನು ಕಂಡಾಗ ಇದು ಎಲ್ಲಿಂದ ಬಂತೆಂದು ಬೆರಗಾಗುವನು. ಪತ್ತೇದಾರ ಅಂಗಡಿಯವರ ಗತಿಯೂ ಅದೇ. ಒಬ್ಬ ಅಪರಾಧಿಯನ್ನು ಹುಡುಕುವ ಶಿಕ್ಷಣವು ಅವರಿಗಿತ್ತು, ಊರಿಗೂರೇ ಪಾಲುಗಾರನಾದ ಅಪರಾಧವನ್ನು ಹಿಡಿಯುವ ಬೇಡಿಯು ಯಾವ ಠಾಣೆಯಲ್ಲಿಯೂ ಇಲ್ಲ.

ಹಾಗೆಂದು ಇಳಕಲ್ಲಿನ ಹಿರಿಯರ ಆಕ್ಷೇಪವನ್ನು ತಳ್ಳಿಹಾಕಲು ನಾವು ಒಲ್ಲೆವು. ಒಬ್ಬ ವಿಜ್ಞಾನಿಯು ಸತ್ತಿರುವನು. ಅವನಿಗಾದರೂ ನ್ಯಾಯವು ಬೇಡವೆ? ಊರಿನ ದೊಡ್ಡ ದುಃಖದಲ್ಲಿ ಒಬ್ಬನ ಸಾವು ಕರಗಿಹೋಗಬಾರದೆಂಬ ಹಟವು ಆ ಸಿಟ್ಟಿನಲ್ಲಿದೆ. ಹರೆಯದವರಲ್ಲಿ ಈ ಹಟವು ಇನ್ನೂ ಬಲವಾಗಿರುವದನ್ನು ನಾವು ಕಂಡೆವು. ವಕೀಲರ ಮಗನೂ ಬಾದಾಮಿಯ ಹುಡುಗಿಯೂ ತಮ್ಮ ತಮ್ಮಷ್ಟಕ್ಕೆ ಕೊಲೆಗಾರನನ್ನು ಗೊತ್ತುಮಾಡಿಕೊಂಡಿದ್ದರು. ಇಬ್ಬರದೂ ಬೇರೆ ಬೇರೆ ಹೆಸರು, ಇಬ್ಬರ ಹತ್ತಿರವೂ ಪುಟಸಂಖ್ಯೆಯ ಸಹಿತ ಪುರಾವೆ. ಮುಗಿದ ಮೇಲೆಯೂ ಓದುಗನನ್ನು ಹೀಗೆ ಕೆಲಸಕ್ಕೆ ಹಚ್ಚುವ ಪುಸ್ತಕಗಳು ಎಷ್ಟಿರುವವು?

ಹದಿನಾಲ್ಕು ವರ್ಷದೊಳಗಿನವರಿಗೆ ಇದು ಹಿಡಿಸಲಾರದು. ಹಾಸ್ಯವು ತಿಳಿದೀತು, ಊರಿನ ವೈರವು ತಿಳಿಯದು. ಅದಕ್ಕೆ ಮೇಲ್ಪಟ್ಟವರ ಕೈಯಲ್ಲಿ ಕಂಡರೆ ಕಸಿದುಕೊಳ್ಳುವ ಕಾರಣವು ನಮಗೆ ತೋರಲಿಲ್ಲ. ಓದಿ ಮುಗಿಸಿದವರು ಇಂಥದೇ ಇನ್ನೊಂದು ಬೇಕೆಂದು ಕೇಳುವರು. ಅವರಿಗೆ ಇದೇ ಲೇಖಕರ 'ಜುಗಾರಿ ಕ್ರಾಸ್' ಸಿಗುವದು. ಸುರೇಶ, ಗೌರಿ ಎಂಬ ತರುಣ ದಂಪತಿಗಳು ಒಂದೇ ದಿನದ ಅವಧಿಯಲ್ಲಿ ಕಾಡಿನ ಕಳ್ಳವ್ಯವಹಾರದ ನಡುವೆ ಸಿಕ್ಕಿಬೀಳುವ ಕಥೆಯದು. ಒಂದು ಹಳೆಯ ಕಾವ್ಯದೊಳಗಿನ ಒಗಟೂ ಅದರಲ್ಲಿದೆ. ಹುನಗುಂದದ ವಕೀಲರು ಅದನ್ನು ತರಿಸಿರುವರು. ಮೊದಲು ಓದುವವರು ತಂದೆಯೋ ಮಗನೋ ಎಂಬ ತಂಟೆಯು ನಾವು ಹೊರಡುವಾಗ ನಡೆದಿತ್ತು.