ಒಡಂಬಡಿಕೆಯೂ ವಶೀಕರಣವೂ

ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಎಂಬ ಆಂಗ್ಲ ಕಾದಂಬರಿಯ ಪ್ರತಿನಾಯಕನು ನೆತ್ತರು ಹೀರುವ ಪ್ರೇತನು. ಇವನನ್ನು ಬೇತಾಳನೆಂದು ಕರೆಯುವುದುಂಟು, ಅದು ಯುಕ್ತವಲ್ಲ. ಬೇತಾಳನು ಪರರ ಶವವನ್ನು ಹೊಕ್ಕವನು, ಇವನು ತನ್ನ ಕಳೇಬರದಲ್ಲಿಯೇ ಉಳಿದವನು. ಮಂತ್ರಶಾಸ್ತ್ರದ ಷಟ್ಕರ್ಮಗಳಲ್ಲಿ ಮಾರಣವು ಬೇರೆ, ವಶೀಕರಣವು ಬೇರೆ. ಡ್ರಾಕುಲನು ಮಾರಣಕ್ಕಿಂತ ವಶೀಕರಣದಲ್ಲಿಯೇ ಹೆಚ್ಚು ಆಸಕ್ತನು. ಆ ವಶೀಕರಣದ ಕ್ರಮವೇ ಇಲ್ಲಿ ವಿಚಾರಣೀಯವಾದುದು.

ಮನೆಯವರು ಯಾರಾದರೂ ಕರೆಯದ ಹೊರತು ಅವನು ಮೊದಲ ಬಾರಿಗೆ ಒಂದು ಮನೆಯನ್ನು ಹೊಗಲಾರನು. ತನ್ನ ದುರ್ಗಕ್ಕೆ ಬಂದ ನ್ಯಾಯವಾದಿ ಹಾರ್ಕರನೂ ಸ್ವೇಚ್ಛೆಯಿಂದಲೇ ಹೊಸ್ತಿಲನ್ನು ದಾಟಬೇಕೆಂದು ಕೇಳಿಕೊಳ್ಳುತ್ತಾನೆ. ದಾಟಿದ ಮೇಲೆ ಬಾಗಿಲುಗಳಿಗೆ ಬೀಗ ಬೀಳುತ್ತದೆ. ಮೇ 19ರ ದಿನಚರಿಯ ಪ್ರಕಾರ ಹಿಂದಿನ ರಾತ್ರಿ ಅವನಿಂದಲೇ ಮೂರು ಪತ್ರಗಳನ್ನು ಬರೆಯಿಸಲಾಗುತ್ತದೆ: ಕಾರ್ಯವು ಮುಗಿಯುತ್ತ ಬಂದಿತೆಂದು ಜೂನ್ 12ರ ದಿನಾಂಕದಲ್ಲಿ ಒಂದು, ಮರುದಿನವೇ ಪ್ರಯಾಣವೆಂದು 19ರದಲ್ಲಿ ಇನ್ನೊಂದು, ದುರ್ಗವನ್ನು ಬಿಟ್ಟು ಬಿಸ್ಟ್ರಿಟ್ಜ್ ಊರನ್ನು ಸೇರಿದೆನೆಂದು 29ರದಲ್ಲಿ ಮತ್ತೊಂದು. ತನ್ನ ಬಿಡುಗಡೆಯ ಸುಳ್ಳು ಸಾಕ್ಷ್ಯಕ್ಕೆ ಸೆರೆಯಾಳೇ ಕೈಬರಹವನ್ನು ಕೊಡಬೇಕು. ನೆತ್ತರು ಹೀರುವ ಪ್ರಸಂಗಗಳಿಗಿಂತ ಇದೇ ಭಯಾನಕವೆಂದರೆ ತಪ್ಪಾಗಲಾರದು.

ಬಲಾತ್ಕಾರವು ಸಮ್ಮತಿಯ ವೇಷವನ್ನು ತೊಡುವ ಸನ್ನಿವೇಶವು ಕನ್ನಡ ಸಾಹಿತ್ಯಕ್ಕೆ ಹೊಸತಲ್ಲ. ಶಿವಮೊಗ್ಗ ಸೀಮೆಯ ಉಡುತಡಿಯ ಕಥೆಯನ್ನು ಹರಿಹರನು ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಹೇಳಿದ್ದಾನೆ. (ಹದಿನೈದನೆಯ ಶತಮಾನದ ಚಾಮರಸನು ವಿವಾಹವನ್ನೇ ಒಪ್ಪುವುದಿಲ್ಲ, ಪಾಠ ಹೇಳುವಾಗ ಎರಡನ್ನೂ ಬೆರೆಸಬಾರದು.) ಕೌಶಿಕನು ಪ್ರೇತನಲ್ಲ, ಮೋಹಪರವಶನಾದ ಅರಸನು. ಹೆತ್ತವರ ಪ್ರಾಣಕ್ಕೆ ಕುತ್ತು ಬಂದಾಗ ಮಹಾದೇವಿಯು ಒಪ್ಪುತ್ತಾಳೆ. ಆದರೆ ಒಡಂಬಡಿಕೆಯ ಮಾತುಗಳು ಅವಳವು: ಶಿವಪೂಜೆ, ಮಾಹೇಶ್ವರರ ಗೋಷ್ಠಿ, ಗುರುಸೇವೆ ಇವು ತನ್ನ ಇಚ್ಛೆಯಂತೆ ನಡೆಯಬೇಕು, ಅರಸನ ಮೂರು ತಪ್ಪುಗಳವರೆಗೆ ಮಾತ್ರ ಕ್ಷಮೆ. ಹಾರ್ಕರನ ಮೂರು ಪತ್ರಗಳು ಬರೆದವನನ್ನೇ ಕಟ್ಟಿದವು. ಈ ಮೂರು ತಪ್ಪುಗಳ ಎಣಿಕೆಯು ಅರಸನನ್ನು ಕಟ್ಟಿತು.

ಕಾದಂಬರಿಯಲ್ಲಿಯೂ ಕಟ್ಟು ತಿರುಗಿ ಬೀಳುವುದುಂಟು. ಡ್ರಾಕುಲನು ಹಾರ್ಕರನ ಪತ್ನಿ ಮೀನಾಳಿಗೆ ತನ್ನ ರಕ್ತವನ್ನು ಬಲಾತ್ಕಾರದಿಂದ ಕುಡಿಸಿ, ತಾನು ಕರೆದಾಗ ನೆಲ ಜಲಗಳನ್ನು ದಾಟಿ ಬರತಕ್ಕವಳನ್ನಾಗಿ ಮಾಡುತ್ತಾನೆ. ಆದರೆ ವೈದ್ಯನಾದ ವಾನ್ ಹೆಲ್ಸಿಂಗನು ಸೂರ್ಯೋದಯ ಸೂರ್ಯಾಸ್ತಗಳಲ್ಲಿ ಅವಳನ್ನು ಸಮ್ಮೋಹನಕ್ಕೆ ಒಳಪಡಿಸಿದಾಗ, ಪಲಾಯನ ಮಾಡುತ್ತಿರುವವನ ಸುತ್ತಲಿನ ನೀರಿನ ಸದ್ದು ಅವಳಿಗೆ ಕೇಳಿಸುತ್ತದೆ. ವಶಮಾಡಿಕೊಂಡ ಸೂತ್ರವೇ ಅವನ ಜಾಡನ್ನು ತೋರಿತು. ಅವನು ಮೂಲ ಹಸ್ತಪ್ರತಿಯನ್ನು ಸುಟ್ಟರೂ ಮೀನಾಳು ಬೆರಳಚ್ಚು ಮಾಡಿದ್ದ ಪ್ರತಿಯೊಂದು ಉಳಿದಿತ್ತು.

ಒಂದು ಸಂಗತಿಯನ್ನು ವಿಮರ್ಶಕರು ಕಡೆಗಣಿಸಲಾಗದು. ಎಲ್ಲರ ದಿನಚರಿಗಳನ್ನೂ ಕ್ರಮಪಡಿಸಿದವಳಾದ ಮೀನಾಳನ್ನು, ಅವಳ ಹಿತಕ್ಕಾಗಿಯೇ ಎಂದು, ಮಿತ್ರರು ತಮ್ಮ ಮಂತ್ರಾಲೋಚನೆಯಿಂದ ಹೊರಗಿಡುತ್ತಾರೆ. ಡ್ರಾಕುಲನು ಅವಳನ್ನು ಹಿಡಿದುದು ಆ ದಿನಗಳಲ್ಲಿಯೇ. ಅನಂತರ ಅವಳನ್ನು ಸಭೆಗೆ ಕರೆದುಕೊಂಡರೂ, ಅವಳ ಬಿಡುಗಡೆಯು ಡ್ರಾಕುಲನ ಮೇಲೆ ಆ ಪುರುಷರ ಕತ್ತಿ ಬೀಳುವವರೆಗೆ ಕಾಯಬೇಕಾಯಿತು. ಮಹಾದೇವಿಯಾದರೋ ಮೂರನೆಯ ತಪ್ಪು ಸಂದೊಡನೆ, ಯಾರ ಅಪ್ಪಣೆಯನ್ನೂ ಕೇಳದೆ, ಅರಮನೆಯನ್ನು ತೊರೆದು ಶ್ರೀಶೈಲದ ದಾರಿಯನ್ನು ಹಿಡಿದಳು.